ಹಾರ್ಲನ್‌ನ ಮಷೀನು, ವೆಲ್ಮಾಳ ಮರ

ಶನಿವಾರ ಬೆಳಗ್ಗೆ ಹಾರ್ಲನ್ ಗಾಂಟ್ಸನ ಗ್ಯಾರೇಜಿನ ಬಾಗಿಲು ಮೇಲೆದ್ದಿತೆಂದರೆ ನಮ್ಮ ಬೀದಿಯ ಅರ್ಧ ಜನ ಹಾಸಿಗೆಯಲ್ಲೇ ಅವನಿಗೆ ಶಾಪ ಹಾಕುತ್ತಿದ್ದರು. ಎಂಟಕ್ಕೆ ಮೊದಲು ಸದ್ದು ಮಾಡಬಾರದೆಂಬುದು ಊರಿನ ಕಟ್ಟಳೆ. ಹಾರ್ಲನ್ ಕಟ್ಟಳೆ ಮುರಿಯುವ ಪೈಕಿಯಲ್ಲ. ಕಿವಿಗೆ ಕಪ್ಪು ಮುಚ್ಚಳಗಳನ್ನು ಏರಿಸಿ, ಕಣ್ಣಿಗೆ ದಪ್ಪ ಪ್ಲಾಸ್ಟಿಕ್ ಕನ್ನಡಕ ಹಾಕಿ, ಹುಲ್ಲು ಹೊಡೆಯುವ ಮಷೀನನ್ನು ನೆಲಕ್ಕೊರಗಿಸಿ, ಅದರ ಹಗ್ಗದ ಹಿಡಿ ಬೆರಳಿಗೆ ಸಿಕ್ಕಿಸಿಕೊಂಡು ಗಡಿಯಾರ ನೋಡುತ್ತಾ ನಿಂತಿರುತ್ತಿದ್ದ. ಎಂಟು ಆದದ್ದೇ ತಡ, ಜಗ್ಗುತ್ತಿದ್ದ. ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸುತ್ತಲೇ ಜನರ ಹೊಟ್ಟೆ ಉರಿಸುವುದು ಹೇಗೆಂದು ಅವನಿಂದ ಕಲಿಯಬೇಕಿತ್ತು.

ಇಂಡಿಯಾನಾದ ನಮ್ಮ ಮಿಲ್‌ಬರ್ನ್‌ನಲ್ಲಿ ಆಗ ಗಾಜಿನ ಬಾಟಲಿಯ ಕಾರ್ಖಾನೆ ಇತ್ತು. ಹಾರ್ಲನ್ ಹೈಸ್ಕೂಲು ಮುಗಿಸಿದವನು ನೆಟ್ಟಗೆ ಅದರೊಳಗೆ ಹೊಕ್ಕು, ಮುದುಕನಾಗಿ ಹೊರಬಂದ. ಬಾಟಲಿಗಳು ಒಂದಕ್ಕೊಂದು ಬಡಿದುಕೊಂಡು ಸಾಗುವ ಸಾಲಿನ ಪಕ್ಕದಲ್ಲಿ ಜೀವಮಾನ ಕಳೆದವನಿಗೆ ಕಿವಿ ಸ್ವಲ್ಪ ಮಂದವಾಗಿತ್ತು ಎಂದು ಅವನ ಪರವಾಗಿ ಹೇಳುವವರಿದ್ದರು. ಸುಳ್ಳು. ಅವನಿಗೆ ಬೇಕಾದದ್ದೆಲ್ಲ ಕೇಳಿಸುತ್ತಿತ್ತು. ಮೂರು ಮನೆ ಆಚೆ ಯಾರೋ ಅವನ ಹುಲ್ಲುಹಾಸನ್ನು ಹೊಗಳಿದರೆ ತಲೆ ತಿರುಗಿಸುತ್ತಿದ್ದ.

ಹೊಗಳುವಂತೆಯೇ ಇತ್ತು ಅದು, ಆ ಮಾತಿಗೆ ಮೋಸವಿಲ್ಲ. ದೊಡ್ಡ ಮೋವರ್ ಓಡಿಸಿ ಹುಲ್ಲು ಸಮ ಮಾಡುವುದು ಯಾರಿಗೂ ಬರುತ್ತದೆ. ಅಂಚುಗಳಲ್ಲಿ ಮನುಷ್ಯನ ಯೋಗ್ಯತೆ ಗೊತ್ತಾಗುತ್ತದೆ ಎನ್ನುವುದು ಹಾರ್ಲನ್‌ನ ಸಿದ್ಧಾಂತ. ಕಾಲುದಾರಿಯ ಅಂಚು, ಅಂಚೆ ಪೆಟ್ಟಿಗೆಯ ಕಂಬದ ಬುಡ, ಗ್ಯಾಸ್ ಮೀಟರಿನ ಸುತ್ತ, ಮೋವರ್ ಹೋಗಲಾಗದ ಸಂದುಗೊಂದಿಗಳೆಲ್ಲ ಕ್ಷೌರ ಮಾಡಿಸಿಕೊಂಡ ಕೆನ್ನೆಯ ಹಾಗೆ ಇರಬೇಕು. ಅದಕ್ಕೇ ಈ ಮಷೀನು. ಉದ್ದನೆಯ ಕೋಲು, ಒಂದು ತುದಿಯಲ್ಲಿ ಪೆಟ್ರೋಲಿನ ಎಂಜಿನ್ನು, ಇನ್ನೊಂದು ತುದಿಯಲ್ಲಿ ಕಿತ್ತಳೆ ಬಣ್ಣದ ನೈಲಾನ್ ದಾರ ಸುತ್ತಿದ ಉರುಟು ಡಬ್ಬಿ. ಬ್ಲೇಡು ಗೀಡು ಏನೂ ಇಲ್ಲ. ಡಬ್ಬಿ ಗಿರ್ರನೆ ತಿರುಗಿ, ಹೊರಚಾಚಿದ ದಾರದ ತುದಿಗಳು ಬೀಸಿ ಬೀಸಿ ಹುಲ್ಲನ್ನು ಹೊಡೆದುರುಳಿಸುತ್ತವೆ. ದಾರ ಸವೆದರೆ ಡಬ್ಬಿಯನ್ನು ನೆಲಕ್ಕೊಮ್ಮೆ ಕುಕ್ಕಬೇಕು, ಹೊಸ ದಾರ ಹೊರಬರುತ್ತದೆ. ದಾರ ಏನು ಮಾಡೀತು ಎನ್ನುವವರು ಒಮ್ಮೆ ಬರಿಗಾಲಿನ ಗಂಟಿಗೆ ತಾಗಿಸಿಕೊಂಡು ನೋಡಬೇಕು.

ಆ ಮಷೀನನ್ನು ಅವನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿದ ಕೆಂಪು ಡಬ್ಬಿಯನ್ನು ಕೂಡ ಮೇಲಿನ ಅಟ್ಟಣಿಗೆಯಲ್ಲಿ ಬೇರೆಯಾಗಿ ಇಟ್ಟಿದ್ದ. ಅಳಿಯ ಒಂದು ಕ್ರಿಸ್‌ಮಸ್ಸಿಗೆ ಬ್ಯಾಟರಿಯಿಂದ ನಡೆಯುವ ಹೊಸದೊಂದನ್ನು ತಂದುಕೊಟ್ಟಾಗ, ಪೆಟ್ಟಿಗೆ ಬಿಚ್ಚದೆ ಗ್ಯಾರೇಜಿನ ಮೂಲೆಗೆ ತಳ್ಳಿದ.

"ಸದ್ದೇ ಇಲ್ಲ ಮಾವ, ಪಕ್ಕದ ಮನೆಯವರಿಗೂ ಗೊತ್ತಾಗಲ್ಲ" ಎಂದ ಅಳಿಯ.

"ಗೊತ್ತಾಗದೆ ಇದ್ರೆ ಹೊಡೆದು ಏನ್ ಪ್ರಯೋಜನ? ಇದು ಹುಲ್ಲು ಕತ್ತರಿಸಲ್ಲ, ಹುಲ್ಲಿನ ಹತ್ರ ಕ್ಷಮೆ ಕೇಳುತ್ತೆ" ಎಂದ ಹಾರ್ಲನ್.

ಅವನ ಈ ಹಠಕ್ಕೊಂದು ಹಿನ್ನೆಲೆಯೂ ಇತ್ತು. ಅವನ ಅಪ್ಪನ ಕಾಲದಲ್ಲಿ ಅಂಚಿನ ಹುಲ್ಲನ್ನು ಕೈಗತ್ತರಿಯಲ್ಲಿ ಕತ್ತರಿಸಬೇಕಿತ್ತು. ಶನಿವಾರವಾದರೆ ಮಕ್ಕಳೆಲ್ಲ ಮನೆಯ ಸುತ್ತ ಮಂಡಿಯೂರಿ ಸಾಗಬೇಕು, ಅಪ್ಪ ಹಿಂದೆಯೇ ನಡೆಯುತ್ತಾ ಬಿಟ್ಟುಹೋದ ಎಸಳನ್ನು ಬೂಟಿನಿಂದ ತೋರಿಸಬೇಕು. ಮಷೀನು ಕೊಂಡ ದಿನ ಹಾರ್ಲನ್ ಹೆಂಡತಿಗೆ ಹೇಳಿದ್ದ: "ಇನ್ನು ಹುಲ್ಲಿಗೋಸ್ಕರ ನಾನು ಮಂಡಿ ಊರಲ್ಲ." ಅವತ್ತಿನಿಂದ ಊರಲೂ ಇಲ್ಲ. ನಿಂತಲ್ಲಿಂದಲೇ ನೆಲವನ್ನು ನೋಡಿ, ನಿಂತಲ್ಲಿಂದಲೇ ಹೊಡೆದ.

ಹೆಂಡತಿ ವೆಲ್ಮಾ ಮಾತು ಕಡಿಮೆ. ಕೆಂಟಕಿಯ ಗುಡ್ಡಗಾಡಿನ ಹೆಣ್ಣು. ಬೇಯಿಸಿದ ಹುರುಳಿಕಾಯಿ, ಜೋಳದ ರೊಟ್ಟಿ, ಭಾನುವಾರದ ಚರ್ಚು, ಅಲ್ಲೇ ಉಳಿದ ತಂಗಿಗೆ ವಾರಕ್ಕೊಂದು ಫೋನು, ಇಷ್ಟರಲ್ಲಿ ಅವಳ ಲೋಕ ಮುಗಿಯುತ್ತಿತ್ತು. ಅವಳ ಅಪ್ಪ ಸತ್ತಮೇಲೆ ಅಣ್ಣಂದಿರು ಹೊಲಮನೆಯನ್ನು ಕಲ್ಲಿನ ಕ್ವಾರಿಯವರಿಗೆ ಮಾರಿದರು. ಕೊನೆಯ ದಿನ ವೆಲ್ಮಾ ಹೋಗಿ, ನೀರಿನ ಊಟೆಯ ಪಕ್ಕದಲ್ಲಿ ಎದ್ದಿದ್ದ ಒಂದು ಸಕ್ಕರೆ ಮೇಪಲ್ ಸಸಿಯನ್ನು ಅಡುಗೆ ಸೌಟಿನಲ್ಲೇ ಅಗೆದು, ಹಂದಿ ಕೊಬ್ಬಿನ ತಗಡಿನ ಡಬ್ಬಿಯಲ್ಲಿಟ್ಟು, ಮಿಲ್‌ಬರ್ನ್ ತನಕ ತೊಡೆಯ ಮೇಲೆ ಹೊತ್ತು ತಂದಳು. ಈಗ ಅಲ್ಲಿ ಮನೆಯಿಲ್ಲ, ಊಟೆಯಿಲ್ಲ, ಗುಡ್ಡವೂ ಇಲ್ಲ, ಒಂದು ದೊಡ್ಡ ಗುಂಡಿಯಿದೆ.

ಸಸಿಯನ್ನು ಅಡುಗೆಮನೆ ಕಿಟಕಿಯ ಎದುರಿಗೆ ನೆಟ್ಟರು. ಪಾತ್ರೆ ತೊಳೆಯುತ್ತಾ ನಿಂತಾಗ ಅದರ ನೆರಳು ಕಿಟಕಿಗೆ ಬೀಳಬೇಕೆಂಬುದು ವೆಲ್ಮಾಳ ಆಸೆ. "ನನ್ನ ತವರು ಅಂತ ಉಳಿದಿರೋದು ಇದೊಂದೇ" ಎಂದಳು ನೆಟ್ಟ ದಿನ. ಮತ್ತೆ ಆ ಮಾತನ್ನು ಅವಳು ಆಡಲಿಲ್ಲ, ಆಡುವ ಅಗತ್ಯವೂ ಇರಲಿಲ್ಲ. ಹಾರ್ಲನ್‌ಗೆ ಅದು ನಾಟಿತ್ತು. ಆ ಮರದ ಮೇಲೆ ಅವನಿಗೂ ಪ್ರೀತಿ ಇತ್ತು. ಆದರೆ ಪ್ರೀತಿ ತೋರಿಸಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ, ಅದರ ಬುಡದಲ್ಲಿ ಒಂದೆಳೆ ಹುಲ್ಲೂ ನಿಲ್ಲದಂತೆ ಪ್ರತಿ ಶನಿವಾರ ಬೋಳಿಸುವುದು.

ಮರದಾಚೆ ತೊಡೆಯೆತ್ತರದ ತಂತಿಬೇಲಿ. ಬೇಲಿಯಾಚೆ ನೇಡೀನ್ ಸ್ಟ್ರೂಪ್.

ನೇಡೀನ್ ಇಪ್ಪತ್ತೈದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಗಂಡನನ್ನು ಎಂದೋ ಬಿಟ್ಟವಳು. ನಾಲಿಗೆ ಎಂದರೆ ಕಬ್ಬಿಣ ಉಜ್ಜುವ ಅರ. ಅವಳ ಅಂಗಳದಲ್ಲಿ ಹುಲ್ಲುಹಾಸು ಎಂಬುದೇ ಇರಲಿಲ್ಲ. ಎದೆಯೆತ್ತರದ ಹಾಲುಗಿಡಗಳನ್ನು ಬೆಳೆಯಲು ಬಿಟ್ಟಿದ್ದಳು. ಕಿತ್ತಳೆ-ಕಪ್ಪು ಚಿಟ್ಟೆಗಳು ಅದರ ಮೇಲೆ ಮಾತ್ರ ಮೊಟ್ಟೆಯಿಡುತ್ತವಂತೆ. ಹಾರ್ಲನ್‌ನ ಕಣ್ಣಿಗೆ ಅದು ಕಳೆ, ಬೀಜ ಹಾರಿ ತನ್ನ ಅಂಗಳಕ್ಕೆ ಬೀಳುವ ಕಳೆ. ಜೊತೆಗೆ ಅವಳ ಮೆಟ್ಟಿಲ ಮೇಲೆ ಸಿಮೆಂಟಿನ ಬಾತುಕೋಳಿ. ನಮ್ಮ ಕಡೆ ಬಾಗಿಲ ಮುಂದೆ ಅಂಥದ್ದೊಂದನ್ನಿಟ್ಟು ಕಾಲಕ್ಕೆ ತಕ್ಕ ಉಡುಪು ತೊಡಿಸುವ ಹುಚ್ಚು ಬಹಳ ಮನೆಗಳಲ್ಲಿದೆ. ಮಳೆಗಾಲಕ್ಕೆ ರೇನ್‌ಕೋಟು, ಕ್ರಿಸ್‌ಮಸ್ಸಿಗೆ ಕೆಂಪು ಟೋಪಿ.

ಅವರಿಬ್ಬರ ಜಗಳಕ್ಕೆ ಒಂದು ಕ್ರಮವಿತ್ತು. ಹಾರ್ಲನ್ ಬೇಲಿಯ ಬುಡ ಹೊಡೆಯುತ್ತಾ ಬಂದಾಗ, ದಾರವನ್ನು ಬೇಕೆಂದೇ ತಂತಿಯ ಕೆಳಗೆ ತೂರಿಸಿ ಅವಳ ಕಡೆಯದನ್ನೂ ಒಂದು ಗೇಣು ಸವರುತ್ತಿದ್ದ. ನೇಡೀನ್ ವರಾಂಡದಿಂದ ಎದ್ದು ಬೇಲಿಯ ಹತ್ತಿರ ಬರುತ್ತಿದ್ದಳು. ಬಾಯಿ ತೆರೆಯುತ್ತಿದ್ದಳು. ಅಷ್ಟೇ, ಹಾರ್ಲನ್‌ನ ತೋರುಬೆರಳು ಮಷೀನಿನ ಹಿಡಿಯಲ್ಲಿದ್ದ, ಎಂಜಿನ್ನಿನ ವೇಗ ಏರಿಸುವ ಕುದುರೆಯನ್ನು ಅದುಮುತ್ತಿತ್ತು. ಎಂಜಿನ್ನು ಚೀರುತ್ತಿತ್ತು. ಅವಳು ಬಾಯಿ ಮುಚ್ಚಿದರೆ ಬೆರಳು ಸಡಿಲಿಸುತ್ತಿದ್ದ. ಮತ್ತೆ ತೆರೆದರೆ ಮತ್ತೆ ಅದುಮುತ್ತಿದ್ದ. ಅವಳ ತುಟಿ ಆಡುವುದನ್ನು, ಕೈ ಮರದ ಕಡೆ ಚಾಚುವುದನ್ನು, ನೆಲದ ಕಡೆ ತೋರಿಸುವುದನ್ನು ದಪ್ಪ ಕನ್ನಡಕದೊಳಗಿಂದ ನೋಡುತ್ತಾ ನಗುತ್ತಿದ್ದ. ಬಸ್ಸು ತುಂಬ ಮಕ್ಕಳನ್ನು ಒಂದು ಕೂಗಿಗೆ ಸುಮ್ಮನಾಗಿಸಿದ ಹೆಂಗಸನ್ನು ಒಂದು ಬೆರಳಿನಿಂದ ಸುಮ್ಮನಾಗಿಸಿದೆ ಎಂಬ ಹೆಮ್ಮೆ ಅವನದು. ಹೋಟೆಲಿನ ಕಾಫಿ ಮೇಜಿನಲ್ಲಿ ಅದನ್ನು ಅಭಿನಯಿಸಿ ತೋರಿಸುತ್ತಿದ್ದ. ಗೆಳೆಯ ಡ್ವೈಟ್ ಮೇಜು ಕುಟ್ಟಿ ನಗುತ್ತಿದ್ದ.

"ಏನಂತಾಳೆ ಅವಳು?" ಎಂದು ಡ್ವೈಟ್ ಕೇಳಿದ್ದುಂಟು.

"ಯಾರಿಗ್ ಗೊತ್ತು? ಹೆಂಗಸರು ಏನಂತಾರೆ? ನಿಲ್ಸು ಅಂತಾಳೆ."

ಒಂದು ಸಲ ನೇಡೀನ್ ಉದ್ದಕ್ಕೆ ಸೀಳಿದ ಕಪ್ಪು ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ತಂದು, ಬೇಲಿಯಾಚೆಯಿಂದ ಬಗ್ಗಿ ಮೇಪಲ್ ಮರದ ಬುಡದ ಹತ್ತಿರ ಇಟ್ಟು ಹೋದಳು. ಹಾರ್ಲನ್ ಅದನ್ನು ನೋಡಿ ಕೆಂಡವಾದ. "ಇವಳ ಕಸ ಹಾಕೋಕೆ ನನ್ನ ಅಂಗಳ ಬೇಕಾ?" ಎಂದು ಪೈಪನ್ನು ಎತ್ತಿ ಅವಳ ಟೊಮೇಟೊ ಗಿಡಗಳ ಮೇಲೆ ಬೀಳುವಂತೆ ಎಸೆದ. ಅಲ್ಲಿಗೂ ಸಿಟ್ಟು ಇಳಿಯಲಿಲ್ಲ. ಸೋಮವಾರ ಊರಿನ ಕಚೇರಿಗೆ ಫೋನು ಮಾಡಿ, ನೇಡೀನ್‌ಳ ಅಂಗಳದ ಕಳೆ ಕಟ್ಟಳೆ ಮೀರಿ ಬೆಳೆದಿದೆ, ಇಲಿ ಸೇರಿಕೊಂಡಿವೆ ಎಂದು ದೂರು ಕೊಟ್ಟ. ಇಲಿ ಇರಲಿಲ್ಲ.

ಕಳೆ ಕಡಿಯಲು ಊರಿನ ಟ್ರ್ಯಾಕ್ಟರು ಬಂದಾಗ ನೇಡೀನ್ ಮನೆಯಲ್ಲಿರಲಿಲ್ಲ. ಹಾಲುಗಿಡದ ಎಲೆಎಲೆಯಲ್ಲೂ ಚಿಟ್ಟೆಯ ಪಟ್ಟೆಪಟ್ಟೆ ಹುಳುಗಳಿದ್ದ ಕಾಲ. ಸಂಜೆ ಅವಳು ಬಂದಾಗ ಅಂಗಳ ಬಟಾಬಯಲು. ಅವಳು ಕೂಗಲಿಲ್ಲ. ಚೀಲವನ್ನು ಮೆಟ್ಟಿಲ ಮೇಲಿಟ್ಟು, ಕತ್ತರಿಸಿ ಬಿದ್ದ ಗಿಡಗಳ ನಡುವೆ ಬಗ್ಗಿ ಬಗ್ಗಿ ಹುಳುಗಳನ್ನು ಹುಡುಕಿ ಒಂದು ಬುಟ್ಟಿಗೆ ಹಾಕಿದಳು. ಹಾರ್ಲನ್ ಗ್ಯಾರೇಜಿನ ನೆರಳಿನಲ್ಲಿ ತಣ್ಣನೆಯ ಚಹಾ ಕುಡಿಯುತ್ತಾ ನೋಡಿದ. ಒಂದು ಗಳಿಗೆ ಅವನಿಗೆ ಕಸಿವಿಸಿಯಾಯಿತು. ಆಮೇಲೆ ಆಗಲಿಲ್ಲ.

ಅಂದಿನಿಂದ ನೇಡೀನ್ ಬೇಲಿಯ ಹತ್ತಿರ ಬರುವುದನ್ನೇ ಬಿಟ್ಟಳು. ಶನಿವಾರ ಎಂಟಕ್ಕೆ ಕಾಫಿ ಹಿಡಿದು ವರಾಂಡದ ಕುರ್ಚಿಯಲ್ಲಿ ಕೂತು, ಅವನು ಮೇಪಲ್ ಮರದ ಸುತ್ತ ಸುತ್ತುವುದನ್ನು ನೋಡುತ್ತಿದ್ದಳು. ಬಾತುಕೋಳಿಗೆ ಮಾತ್ರ ಹೊಸ ಉಡುಪು ಬಂತು. ತಲೆಗೆ ಹಾರ್ಲನ್‌ನದೇ ತರದ ಟೋಪಿ, ಕಿವಿಯ ಜಾಗಕ್ಕೆ ಎರಡು ಕಪ್ಪು ಮುಚ್ಚಳ, ಕೊಕ್ಕಿನ ಮೇಲೆ ಪ್ಲಾಸ್ಟಿಕ್ ಕನ್ನಡಕ, ರೆಕ್ಕೆಗೆ ಕಟ್ಟಿದ ಒಂದು ಕೋಲು. ಬೀದಿಯಲ್ಲಿ ನಾಯಿ ಅಡ್ಡಾಡಿಸುವವರೆಲ್ಲ ನಿಂತು ನೋಡಿ ನಕ್ಕು ಹೋಗುತ್ತಿದ್ದರು. ಹಾರ್ಲನ್ ಕಚೇರಿಗೆ ಫೋನು ಮಾಡಿದ. ಬಾತುಕೋಳಿಯ ಬಟ್ಟೆಗೆ ಕಟ್ಟಳೆಯಿಲ್ಲ ಎಂದರು.

ಮರ ಸೊರಗಲು ಶುರುವಾದದ್ದು ಅದೇ ವರ್ಷ. ಎಲೆ ಕೆಂಪಾಗಿ ಉದುರುವ ಕಾಲಕ್ಕೆ ಮುಂಚೆ, ಉಳಿದ ಮೇಪಲ್‌ಗಳು ಹಸಿರಾಗಿರುವಾಗಲೇ ಇದರ ನೆತ್ತಿ ಕೆಂಪಾಯಿತು. "ನೋಡು, ಎಲ್ಲರಿಗಿಂತ ಮೊದಲು ಬಣ್ಣ ಬಂತು" ಎಂದು ಹಾರ್ಲನ್ ಬೀಗಿದ. ಮುಂದಿನ ವಸಂತದಲ್ಲಿ ಎಲೆಗಳು ಬಂದವು, ಆದರೆ ಮಗುವಿನ ಅಂಗೈಯಷ್ಟೇ. ಆಗಸ್ಟಿನ ಹೊತ್ತಿಗೆ ಮೇಲಿನ ಕೊಂಬೆಗಳು ಬೋಳಾದವು. ಬುಡದಿಂದ ಮಾತ್ರ ಎಳೆಯ ಚಿಗುರುಗಳು ಗುಂಪಾಗಿ ಎದ್ದವು. ಹಾರ್ಲನ್ ಅವನ್ನು ಕಳೆಯೆಂದು ಬೋಳಿಸಿದ.

ವೆಲ್ಮಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಅದಕ್ಕೇನಾಗಿದೆ ಹಾರ್ಲನ್?" ಎಂದಳು ಒಂದು ದಿನ.

ಹಾರ್ಲನ್‌ಗೆ ಉತ್ತರ ಸಿದ್ಧವಿತ್ತು. "ಅವಳೇನೋ ಸುರಿದಿದಾಳೆ. ಕಳೆ ಕೊಲ್ಲೋ ಔಷಧಿನೋ, ಉಪ್ಪೋ. ಬಕೀಟು ಹಿಡ್ಕೊಂಡು ಓಡಾಡ್ತಿದ್ದದ್ದು ನಾನೇ ನೋಡಿದೀನಿ."

ಬಕೀಟು ಹಿಡಿದು ಅವಳು ಬಾತುಕೋಳಿ ತೊಳೆಯುತ್ತಿದ್ದಳು. ಅದನ್ನೂ ಅವನು ನೋಡಿದ್ದ. ಆದರೆ ಹೇಳುತ್ತಾ ಹೇಳುತ್ತಾ ಅವನಿಗೇ ನಂಬಿಕೆ ಬಂತು. ಕಾಫಿ ಮೇಜಿನಲ್ಲಿ ಹೇಳಿದ, ಕ್ಷೌರದಂಗಡಿಯಲ್ಲಿ ಹೇಳಿದ, ಹಾರ್ಡ್‌ವೇರ್ ಅಂಗಡಿಯಲ್ಲಿ ದಾರ ಕೊಳ್ಳುತ್ತಾ ಹೇಳಿದ. ಹಾಲುಗಿಡದ ಸೇಡು ಎಂದು ಕಾರಣವನ್ನೂ ಕೊಟ್ಟ. ಊರಿಗೆ ಅದು ಸರಿಯೆನಿಸಿತು. ಅವಳ ಜಾಗದಲ್ಲಿದ್ದರೆ ತಾವೂ ಹಾಗೇ ಮಾಡುತ್ತಿದ್ದೆವು ಎಂದು ಒಳಗೊಳಗೇ ಅನಿಸಿದ್ದರಿಂದ ಎಲ್ಲರೂ ಬೇಗ ನಂಬಿದರು.

ಆ ತಿಂಗಳು ಚರ್ಚಿನಲ್ಲಿ ಕೂಡೂಟ. ಮನೆಗೊಂದು ಅಡುಗೆ ಮಾಡಿ ತಂದು ಉದ್ದನೆಯ ಮೇಜಿನ ಮೇಲಿಡುವುದು, ಸಾಲಾಗಿ ಬಂದು ಎಲ್ಲದರಲ್ಲೂ ಚೂರುಚೂರು ಬಡಿಸಿಕೊಳ್ಳುವುದು. ನೇಡೀನ್ ತರುವುದು ಕೋಳಿ ಮತ್ತು ಕೈಯಲ್ಲೇ ಲಟ್ಟಿಸಿದ ನೂಡಲ್ಸು. ಅವಳನ್ನು ಕಂಡರಾಗದವರು ಕೂಡ ಅದನ್ನು ಆಲೂಗಡ್ಡೆಯ ಮೇಲೆ ಸುರಿದುಕೊಂಡು ತಿನ್ನುತ್ತಿದ್ದರು. ಯಾವಾಗಲೂ ಮೊದಲು ಖಾಲಿಯಾಗುವ ಪಾತ್ರೆ ಅವಳದು. ಆ ಭಾನುವಾರ ಸಾಲಿನ ಮುಂದೆ ವೆಲ್ಮಾ ಇದ್ದಳು. ನೂಡಲ್ಸಿನ ಪಾತ್ರೆಯ ಮುಂದೆ ನಿಂತಳು. ಸೌಟು ಎತ್ತಿದಳು. ಎದುರಿಗೇ ನಿಂತಿದ್ದ ನೇಡೀನ್‌ಳ ಮುಖ ನೋಡಿದಳು. ಸೌಟನ್ನು ಮೆತ್ತಗೆ ಕೆಳಗಿಟ್ಟು ಮುಂದಿನ ಪಾತ್ರೆಗೆ ಹೋದಳು.

ಹಿಂದಿದ್ದವಳೂ ಹಾಗೇ ಮಾಡಿದಳು. ಅವಳ ಹಿಂದಿದ್ದವರೂ. ಒಬ್ಬರೂ ಒಂದು ಮಾತಾಡಲಿಲ್ಲ, ನಮ್ಮೂರಿನಲ್ಲಿ ಅದಕ್ಕೆ ಮಾತು ಬೇಕಾಗಿಯೂ ಇಲ್ಲ. ಊಟ ಮುಗಿದಾಗ ಮೇಜಿನ ಮೇಲೆ ಎಲ್ಲ ಪಾತ್ರೆಗಳೂ ಬರಿದು, ಒಂದು ಮಾತ್ರ ತುಂಬಿದಂತೆಯೇ ಕೆನೆಗಟ್ಟಿ ಕೂತಿತ್ತು. ನೇಡೀನ್ ಅದಕ್ಕೆ ಮುಚ್ಚಳ ಮುಚ್ಚಿ ಎತ್ತಿಕೊಂಡಳು. ಬಾಗಿಲ ಹತ್ತಿರ ವೆಲ್ಮಾಳ ಎದುರು ನಿಂತಳು.

"ನಿನಗೇನ್ ಮಾಡಿದೀನಿ ನಾನು, ವೆಲ್ಮಾ?"

"ಅದು ನನ್ನ ಅಪ್ಪನ ಮನೆ ಮರ ಆಗಿತ್ತು" ಎಂದಳು ವೆಲ್ಮಾ. "ಬೇರೆ ಯಾವುದಕ್ಕಾದ್ರೂ ಸುರೀಬಹುದಿತ್ತು."

ನೇಡೀನ್ ಏನೋ ಹೇಳಲು ಹೋಗಿ, ವೆಲ್ಮಾಳ ಹಿಂದೆ ನಿಂತಿದ್ದ ಹಾರ್ಲನ್‌ನನ್ನು ನೋಡಿ, ತುಂಬಿದ ಪಾತ್ರೆ ಹೊತ್ತು ಹೊರಟುಹೋದಳು. ಹಾರ್ಲನ್‌ಗೆ ಹೊಟ್ಟೆ ತುಂಬಿತು.

ಮಾರನೆಯ ದಿನ ಅವನು ಡ್ವೈಟ್ ಕೊಟ್ಟ ಸಲಹೆಯಂತೆ ಹೊರಟ. "ಬುಡದ ಮಣ್ಣು ತೆಗೆದು ಪರೀಕ್ಷೆಗೆ ಕಳ್ಸು. ವಿಷ ಇದ್ರೆ ಬರುತ್ತೆ. ಆಮೇಲೆ ಅವಳನ್ನ ಕೋರ್ಟಿಗೆ ಎಳಿ" ಎಂದಿದ್ದ ಡ್ವೈಟ್. ಹಾರ್ಲನ್ ಒಂದು ಜಾಮಿನ ಬಾಟಲಿ, ವೆಲ್ಮಾಳ ಪುಟ್ಟ ಸಲಿಕೆ ಹಿಡಿದು ಮರದ ಹತ್ತಿರ ಹೋದ. ನಿಂತು ಅಗೆಯಲು ನೋಡಿದ, ಸಲಿಕೆ ಗಿಡ್ಡ. ಬೈದುಕೊಂಡು, ಮರವನ್ನು ಹಿಡಿದುಕೊಂಡು, ಎಷ್ಟೋ ವರ್ಷಗಳ ಮೇಲೆ ಹುಲ್ಲಿನಲ್ಲಿ ಮಂಡಿಯೂರಿದ.

ಮೇಲಿಂದ ಕಾಣುತ್ತಿದ್ದದ್ದು ಕಾಂಡ ಮಾತ್ರ. ಕೆಳಗೆ, ಕಾಲುಗಂಟಿನ ಎತ್ತರದಲ್ಲಿ, ತೊಗಟೆಯೇ ಇರಲಿಲ್ಲ. ಅಂಗೈ ಅಗಲದ ಪಟ್ಟಿಯಷ್ಟು ಒಣಗಿದ ಬೂದು ಮರ. ಪಟ್ಟಿಯ ಮೇಲಂಚಿನಲ್ಲಿ ತೊಗಟೆ ವಾಸಿಯಾಗಲು ನೋಡಿ ನೋಡಿ ಮಡಿಸಿಕೊಂಡು ದಪ್ಪ ತುಟಿಯಾಗಿತ್ತು. ಹಳೆಯ ಗಾಯದ ಮೇಲೆ ಹೊಸ ಗಾಯ, ಅದರ ಮೇಲೆ ಇನ್ನೂ ಹೊಸದು. ನೇಡೀನ್ ಚಾಕು ತಂದು ಕೆತ್ತಿದ್ದಾಳೆ ಎಂಬುದೇ ಅವನ ಮೊದಲ ಯೋಚನೆ. ಆ ಯೋಚನೆಯನ್ನು ಅವನು ಬಹಳ ಆಸೆಯಿಂದ ಹಿಡಿದುಕೊಂಡ. ಹಿಡಿದುಕೊಂಡೇ ಮಂಡಿಯ ಮೇಲೆ ಮರದ ಸುತ್ತ ತೆವಳಿದ. ಎಲ್ಲಾದರೂ ಒಂದು ಕಡೆ ತೊಗಟೆ ಕೆಳಗಿನಿಂದ ಮೇಲಕ್ಕೆ ಕೂಡಿದೆಯೋ ಎಂದು ನೋಡಿದ. ಎಲ್ಲಿಯೂ ಇರಲಿಲ್ಲ. ತುಟಿಯ ಮಡಿಕೆಯೊಳಗೆ ಏನೋ ಚುಚ್ಚಿಕೊಂಡಿತ್ತು. ಉಗುರಿನಿಂದ ಎಳೆದ. ಕಿತ್ತಳೆ ಬಣ್ಣದ ದಾರದ ಚೂರು. ಪಕ್ಕದಲ್ಲಿ ಇನ್ನೊಂದು. ಬಿಸಿಲಿಗೆ ಬಣ್ಣ ಬಿಟ್ಟ ಹಳೆಯದು ಇನ್ನೊಂದು.

ಬೀದಿಯಲ್ಲಿ ಆ ಬಣ್ಣದ ದಾರ ಕೊಳ್ಳುತ್ತಿದ್ದವನು ಅವನೊಬ್ಬನೇ. ಉಳಿದದ್ದು ಕಳಪೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದವನೂ ಅವನೇ.

ಎಷ್ಟು ಹೊತ್ತು ಹಾಗೆ ಕೂತಿದ್ದನೋ, ಎದ್ದಾಗ ಪ್ಯಾಂಟಿನ ಮಂಡಿ ಹಸಿರಾಗಿತ್ತು. ಬೇಲಿಯ ಹತ್ತಿರ ಹೋದ. ನೇಡೀನ್ ವರಾಂಡದಲ್ಲಿ ಕೂತು ಬಾತುಕೋಳಿಗೆ ಫುಟ್‌ಬಾಲಿನ ಸ್ವೆಟರು ತೊಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಮಷೀನು ಎಲ್ಲಿ? ಕೆಟ್ಟೋಯ್ತಾ?" ಎಂದಳು.

"ನೀನು ಆಗೆಲ್ಲ ಬೇಲಿ ಹತ್ರ ಬಂದು ಏನೋ ಹೇಳ್ತಿದ್ಯಲ್ಲ, ಏನದು?"

"ಯಾವಾಗ?"

"ಬಂದಾಗೆಲ್ಲ."

"ಮೂರು ಬೇಸಿಗೆ ಹೇಳಿದೀನಿ. ಯಾವ ಬೇಸಿಗೇದು ಬೇಕು ನಿಂಗೆ?"

ನೇಡೀನ್ ಸ್ವೆಟರಿನ ಗುಂಡಿಗಳನ್ನೆಲ್ಲ ಹಾಕಿ ಮುಗಿಸಿದಳು. ಅವನನ್ನು ಕಾಯಿಸಬೇಕೆಂದೇ ನಿಧಾನವಾಗಿ ಹಾಕಿದಳು.

"ಎಲ್ಲ ಸಲಾನೂ ಒಂದೇ ಮಾತು. 'ಹಾರ್ಲನ್, ನಿನ್ನ ದಾರ ಮರದ ತೊಗಟೆ ತಿಂತಾ ಇದೆ, ಸ್ವಲ್ಪ ದೂರ ಹೊಡಿ.' ಅಷ್ಟೇ. ಒಂದು ಉಸಿರಿನ ಮಾತು. ನಿನ್ನ ಬೆರಳು ಬಿಡ್ಲಿಲ್ಲ."

"ಆ ಪೈಪು…"

"ಬುಡಕ್ಕೆ ಸುತ್ತೋಕೆ ಸೀಳಿ ತಂದಿದ್ದೆ. ನೀನು ಎಸೆದು ನನ್ನ ಟೊಮೇಟೊ ಮುರಿದೆ."

"ಆಮೇಲಾದ್ರೂ ಹೇಳಬಹುದಿತ್ತು. ಬಾಗಿಲು ತಟ್ಟಿ ವೆಲ್ಮಾಗೆ ಹೇಳಬಹುದಿತ್ತು."

ಈಗ ಅವಳು ತಲೆಯೆತ್ತಿದಳು. "ಆಮೇಲೆ ನೀನು ನನ್ನ ಗಿಡ ಕಡಿಸಿದೆ. ಅವತ್ತಿಂದ ನಾನು ಇಲ್ಲಿ ಕೂತು ನೋಡ್ದೆ. ಒಂದೊಂದು ಶನಿವಾರಾನೂ ನೋಡ್ದೆ. ನಾನೇನು ಪುಣ್ಯವಂತೆ ಅಂತ ಹೇಳ್ಕೊಳ್ಳಲ್ಲ. ಹಾರ್ಲನ್ ಮರ ಹಾರ್ಲನ್ನೇ ಕೊಂದ್ಕೊಳ್ತಿದಾನೆ, ಕೊಂದ್ಕೊಳ್ಲಿ ಅಂತ ಕಾಫಿ ಕುಡಿದೆ. ಅದು ಅವಳ ಮರ ಅಂತ ನಂಗೆ ಗೊತ್ತಾಗಿದ್ದು ನಿನ್ನೆ, ಚರ್ಚಿನ ಬಾಗ್ಲಲ್ಲಿ."

"ಈಗ ಏನಾದ್ರೂ ಮಾಡಕ್ಕಾಗುತ್ತಾ?"

"ಗಾಯ ಮರದ ಸುತ್ತ ಪೂರ್ತಿ ಬಂದಿದೆಯಾ?"

"ಬಂದಿದೆ."

"ಹಾಗಿದ್ರೆ ಬೇರಿಗೆ ಆಹಾರ ಇಳಿಯೋ ದಾರೀನೇ ಇಲ್ಲ, ಅದು ಸತ್ತಿದೆ. ನಿಂತ್ಕೊಂಡೇ ಸತ್ತಿದೆ. ಬುಡದಲ್ಲಿ ಚಿಗುರು ಬಿಟ್ಟಿತ್ತು, ಅದನ್ನಾದ್ರೂ ಬಿಡ್ತೀಯಾ ಅಂತ ನೋಡ್ತಿದ್ದೆ. ಬಿಡ್ಲಿಲ್ಲ."

ಹಾರ್ಲನ್ ಬೇಲಿಯ ತಂತಿ ಹಿಡಿದುಕೊಂಡ. "ವೆಲ್ಮಾಗೆ ನೀನು ಬಂದು ಹೇಳು. ನೀನು ಹೇಳಿದ್ರೆ…"

"ಅಯ್ಯೋ ಹೋಗಯ್ಯಾ. ನನ್ನ ಅಡುಗೆ ಮುಟ್ಟದೆ ಹೋದ ಮನೆಗೆ ನಾನು ಕಾಲಿಡಲ್ಲ. ನೀನೇ ಹೇಳು. ನಾನಿಲ್ಲೇ ಕೂತಿರ್ತೀನಿ, ಕೇಳಿಸ್ಕೊಳ್ತೀನಿ" ಎಂದು ಕುರ್ಚಿಯನ್ನು ಬೇಲಿಯ ಕಡೆಗೆ ತಿರುಗಿಸಿ ಕೂತಳು.

ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಒಲೆಯ ಮೇಲೆ ಬೀನ್ಸು ಕುದಿಯುತ್ತಿತ್ತು. ಸುಳ್ಳು ಹೇಳುವ ಯೋಚನೆ ಅವನಿಗೆ ಬರಲಿಲ್ಲವೆಂದಲ್ಲ, ಬಂತು. ಆದರೆ ಕಿತ್ತಳೆ ದಾರದ ಚೂರುಗಳು ಅಂಗೈಯಲ್ಲೇ ಇದ್ದವು, ವೆಲ್ಮಾ ಅವನ ಹಸಿರಾದ ಮಂಡಿಯನ್ನು ನೋಡುತ್ತಿದ್ದಳು. "ವಿಷ ಅಲ್ಲ ಅದು" ಎಂದು ಶುರುಮಾಡಿದ. ಮುಂದಿನದನ್ನು ಹೇಳಲಾಗದೆ ಅಂಗೈ ಬಿಚ್ಚಿ ತೋರಿಸಿದ.

ವೆಲ್ಮಾ ಒಲೆ ಆರಿಸಿದಳು. ಹೊರಗೆ ಬಂದು ಮರದ ಮುಂದೆ ಮಂಡಿಯೂರಿದಳು. ತೋರುಬೆರಳನ್ನು ಆ ಒಣ ಪಟ್ಟಿಯ ಮೇಲಿಟ್ಟು ಕಾಂಡದ ಸುತ್ತ ಎಳೆದುಕೊಂಡು ಹೋದಳು. ಬೆರಳು ಹೊರಟಲ್ಲಿಗೇ ಬಂದು ನಿಂತಿತು.

"ನೇಡೀನ್ ಬೇಲಿ ಹತ್ರ ಬಂದು ಇದನ್ನೇ ಹೇಳಿದ್ದಳಾ?"

"ಹೇಳಿದ್ದಳು."

"ಎಷ್ಟು ಸಲ?"

"ಗೊತ್ತಿಲ್ಲ. ಬಹಳ ಸಲ."

"ನೀನು?"

"ನಂಗೆ ಕೇಳಿಸ್ಲಿಲ್ಲ."

ವೆಲ್ಮಾ ಎದ್ದಳು. ವರಾಂಡದಲ್ಲಿ ಕೂತ ನೇಡೀನ್ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಕ್ಷಮೆ ಕೇಳುವುದೂ ಇರಲಿಲ್ಲ, ಕೊಡುವುದೂ ಇರಲಿಲ್ಲ.

"ಮಷೀನು ತಗೊಂಡ್ ಬಾ" ಎಂದಳು.

"ಈಗ್ಯಾಕೆ?"

"ತಗೊಂಡ್ ಬಾ ಅಂದೆ."

ಅವನು ತಂದ. ಅದನ್ನು ಕಲ್ಲಿಗೆ ಹೊಡೆದು ಒಡೆಯುತ್ತಾಳೆ ಎಂದುಕೊಂಡಿದ್ದ. ಒಡೆದರೆ ಒಡೆಯಲಿ ಎಂದೂ ಅನಿಸಿತ್ತು. ವೆಲ್ಮಾ ಅದನ್ನು ಮುಟ್ಟಲಿಲ್ಲ. ರೂಢಿಯಂತೆ ಅವನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಿವಿಮುಚ್ಚಳಗಳನ್ನು ತೆಗೆದು ಬೇಲಿಯ ಮೇಲೆ ಸಿಕ್ಕಿಸಿದಳು.

"ಚಾಲೂ ಮಾಡು. ನಿಂಗೆ ಒಂದೆರಡು ಮಾತು ಹೇಳ್ಬೇಕು. ಅವಳಿಗೆ ಕೇಳಿಸೋದು ಬೇಡ."

ಹಾರ್ಲನ್ ಹಗ್ಗ ಜಗ್ಗಿದ. ಎರಡು ಸಲ ತಪ್ಪಿತು, ಮೂರನೆಯದಕ್ಕೆ ಹತ್ತಿಕೊಂಡಿತು. "ಇನ್ನೂ ಜೋರು" ಎಂದು ವೆಲ್ಮಾ ಕೈ ತೋರಿಸಿದಳು. ಅವನು ಕುದುರೆಯನ್ನು ಕೊನೆತನಕ ಅದುಮಿದ. ಬೇಲಿಯಾಚೆ ನೇಡೀನ್ ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದಳು.

ವೆಲ್ಮಾ ಮಾತಾಡಿದಳು. ಮದುವೆಯಾದಂದಿನಿಂದ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಕೂಗಿ ಆಡುತ್ತಿರಲಿಲ್ಲ, ಅಡುಗೆಮನೆಯಲ್ಲಿ ಉಪ್ಪು ಕೇಳುವ ದನಿಯಲ್ಲೇ ಆಡುತ್ತಿದ್ದಳು ಎಂದು ಅವಳ ಕತ್ತಿನ ನರಗಳಿಂದ ಗೊತ್ತಾಗುತ್ತಿತ್ತು. ಒಮ್ಮೆ ಮರದ ಕಡೆ ಕೈ ಚಾಚಿದಳು. ಒಮ್ಮೆ ತನ್ನ ಎದೆ ಮುಟ್ಟಿಕೊಂಡಳು. ಹಾರ್ಲನ್ ಅವಳ ತುಟಿಗಳನ್ನೇ ದಿಟ್ಟಿಸಿದ, ಒಂದೇ ಒಂದು ಪದ ಸಿಕ್ಕೀತೋ ಎಂದು. ಸಿಗಲಿಲ್ಲ. ಬೆರಳು ಸಡಿಲಿಸಿದರೆ ಅವಳು ನಿಲ್ಲಿಸಿಬಿಡುತ್ತಾಳೆಂದು ಸಡಿಲಿಸಲೂ ಇಲ್ಲ. ಕೊನೆಗೆ ಅವಳು ಹುಬ್ಬೆತ್ತಿ ಏನೋ ಕೇಳಿ ಉತ್ತರಕ್ಕೆ ಕಾದಳು. ಪ್ರಶ್ನೆ ಏನೆಂದು ತಿಳಿಯದ ಹಾರ್ಲನ್ ಹೌದೆಂಬಂತೆ ತಲೆಯಾಡಿಸಿದ.

ವೆಲ್ಮಾ ಒಂದು ಗಳಿಗೆ ಅವನನ್ನು ನೋಡಿದಳು. ತಾನೂ ತಲೆಯಾಡಿಸಿ ಒಳಗೆ ಹೋದಳು.

ಟ್ಯಾಂಕಿನಲ್ಲಿದ್ದ ಪೆಟ್ರೋಲು ಮುಗಿಯುವವರೆಗೂ ಹಾರ್ಲನ್ ಬೆರಳು ತೆಗೆಯಲಿಲ್ಲ. ಎಂಜಿನ್ನು ಕೆಮ್ಮಿ ನಿಂತ ಮೇಲೆ, ತೆರೆದ ಕಿಟಕಿಯಿಂದ, ಮಲಗುವ ಕೋಣೆಯಲ್ಲಿ ಸೂಟ್‌ಕೇಸಿನ ಕೊಂಡಿ ತೆರೆಯುವ, ಬೀರುವಿನ ಖಾನೆಗಳನ್ನು ಒಂದೊಂದಾಗಿ ಎಳೆಯುವ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.